ಬಿದ್ದ ಮೇಲೆ ಮತ್ತೆ ಏರಬೇಕೇ? : ಮೈಕ್ ಹೈಲ್‌ವುಡ್ ಅವರ ಜೀವನ

ಕ್ರೀಡೆಯಲ್ಲಿ ಸೋಲು ಗೆಲುವು ಸಹಜ ಎಂಬ ಮಾತನ್ನು ನಾವೆಲ್ಲ ಪ್ರತಿ ವರ್ಷ ಕ್ರೀಡಾ ದಿನದಂದು ಕೇಳುತ್ತೇವೆ. ಆದರೆ ಕೆಲವು ಆಟಗಳಲ್ಲಿ ಸೋಲು ಎಂದರೆ ಅಂಕ ಕಡಿಮೆ ಬರುವುದಷ್ಟೇ ಅಲ್ಲ. ಆಸ್ಪತ್ರೆ ಸೇರುವುದು, ಇಲ್ಲವೇ ಮನೆಗೆ ವಾಪಸ್ ಬರದೇ ಇರುವುದು. ರಸ್ತೆಯ ಮೇಲೆ ನಡೆಯುವ ಮೋಟಾರ್ ಸೈಕಲ್ ರೇಸ್ ಅಂಥ ಆಟ. ಇದರಲ್ಲಿ ಒಮ್ಮೆಯೂ ಬೀಳದ ಸವಾರನೇ ಇಲ್ಲ ಎನ್ನಬಹುದು. ಬಿದ್ದು ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದವನ ಮುಂದೆ ಒಂದೇ ಒಂದು ಪ್ರಶ್ನೆ ಇರುತ್ತದೆ. ಮತ್ತೆ ಬೈಕ್ ಏರಬೇಕೇ, ಅಥವಾ ಇಷ್ಟಕ್ಕೇ ಸಾಕು ಮಾಡಬೇಕೇ? ಈ ಪ್ರಶ್ನೆಯನ್ನು ಜೀವನದಲ್ಲಿ ಹಲವು ಸಲ ಎದುರಿಸಿದವರು ಇಂಗ್ಲೆಂಡಿನ ಮೈಕ್ ಹೈಲ್‌ವುಡ್. ಅವರು ತೀರಿಕೊಂಡು ನಲವತ್ತು ವರ್ಷಗಳ ಮೇಲಾಯಿತು. ಆದರೂ ರೇಸಿಂಗ್ ಬಲ್ಲವರು ಅವರನ್ನು ಇಂದಿಗೂ ಮೈಕ್ ದ ಬೈಕ್ ಎಂದೇ ಕರೆಯುತ್ತಾರೆ.

ಶ್ರೀಮಂತನ ಮಗ

ಸ್ಟ್ಯಾನ್ಲಿ ಮೈಕೆಲ್ ಬೈಲಿ ಹೈಲ್‌ವುಡ್ ಹುಟ್ಟಿದ್ದು 1940ರ ಏಪ್ರಿಲ್ 2ರಂದು, ಆಕ್ಸ್‌ಫರ್ಡ್ ಬಳಿಯ ಗ್ರೇಟ್ ಮಿಲ್ಟನ್ ಎಂಬ ಊರಿನಲ್ಲಿ. ತಂದೆ ಸ್ಟ್ಯಾನ್ ಹೈಲ್‌ವುಡ್ ಮೋಟಾರ್ ಸೈಕಲ್ ಮಾರಾಟದ ದೊಡ್ಡ ವ್ಯಾಪಾರಿ. ಊರೂರುಗಳಲ್ಲಿ ಅವರ ಅಂಗಡಿಗಳಿದ್ದವು. ಹೀಗಾಗಿ ಮೈಕ್ ಚಿಕ್ಕ ವಯಸ್ಸಿನಲ್ಲೇ ಪುಟ್ಟ ಬೈಕ್ ಓಡಿಸಲು ಕಲಿತರು. ಶಾಲೆಯಲ್ಲಿ ಓದು ಅಷ್ಟಾಗಿ ಹತ್ತಲಿಲ್ಲ. ಸ್ವಲ್ಪ ಕಾಲ ತಂದೆಯ ವ್ಯಾಪಾರದಲ್ಲಿ, ಆಮೇಲೆ ಟ್ರಯಂಫ್ ಕಾರ್ಖಾನೆಯಲ್ಲಿ ಕೆಲಸ ಮಾಡಿದರು.

1957ರ ಏಪ್ರಿಲ್ 22ರಂದು ಔಲ್ಟನ್ ಪಾರ್ಕ್ ಟ್ರ್ಯಾಕ್‌ನಲ್ಲಿ ಅವರು ಮೊದಲ ರೇಸ್ ಓಡಿದರು. ಆಗ ಅವರಿಗೆ ಹದಿನೇಳು ತುಂಬಿ ಕೇವಲ ಇಪ್ಪತ್ತು ದಿನ. ಅಂದರೆ ನಮ್ಮ ದ್ವಿತೀಯ ಪಿಯುಸಿ ವಯಸ್ಸು. ಸಿಕ್ಕಿದ್ದು ಹನ್ನೊಂದನೇ ಸ್ಥಾನ. ತಂದೆಯ ದುಡ್ಡಿನಲ್ಲಿ ಒಳ್ಳೊಳ್ಳೆಯ ಬೈಕುಗಳು ಬರುತ್ತಿದ್ದರಿಂದ ಅವರನ್ನು ಶ್ರೀಮಂತರ ಮನೆಯ ಹುಡುಗ ಎಂದು ಆಡಿಕೊಂಡವರೂ ಇದ್ದರು. ಆ ಮಾತಿಗೆ ಅವರು ಬಾಯಿಂದ ಉತ್ತರ ಕೊಡಲು ಹೋಗಲಿಲ್ಲ. ಮುಂದಿನ ವರ್ಷ, ಹದಿನೆಂಟನೇ ವಯಸ್ಸಿನಲ್ಲಿ, ಪ್ರಪಂಚದಲ್ಲೇ ಅತಿ ಕಷ್ಟದ ರೇಸ್ ಎನಿಸಿದ ಐಲ್ ಆಫ್ ಮ್ಯಾನ್ ಟಿಟಿಗೆ ಹೋಗಿ 250 ಸಿ.ಸಿ. ವಿಭಾಗದಲ್ಲಿ ಮೂರನೇ ಸ್ಥಾನ ಪಡೆದರು.

ಟಿಟಿ ಎಂದರೇನು?

ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ಚಿಕ್ಕ ದ್ವೀಪವಿದೆ. ಅಲ್ಲಿ 1907ರಿಂದ ಟೂರಿಸ್ಟ್ ಟ್ರೋಫಿ, ಅಂದರೆ ಟಿಟಿ ರೇಸ್ ನಡೆಯುತ್ತಾ ಬಂದಿದೆ. ಇದಕ್ಕಾಗಿ ಕಟ್ಟಿದ ಪ್ರತ್ಯೇಕ ಟ್ರ್ಯಾಕ್ ಇಲ್ಲ. ಜನ ದಿನವೂ ಓಡಾಡುವ ರಸ್ತೆಯನ್ನೇ ರೇಸ್ ಸಮಯದಲ್ಲಿ ಮುಚ್ಚುತ್ತಾರೆ. ಒಂದು ಸುತ್ತು ಸುಮಾರು 60.7 ಕಿಲೋಮೀಟರ್. ಅದರಲ್ಲಿ 200ಕ್ಕೂ ಹೆಚ್ಚು ತಿರುವುಗಳು. ರಸ್ತೆ ಊರುಗಳ ಮಧ್ಯೆ ಹಾದು, ಸೇತುವೆ ದಾಟಿ, ಸ್ನೇಫೆಲ್ ಎಂಬ ಬೆಟ್ಟದ ಮಗ್ಗುಲನ್ನು ಹತ್ತಿ ಇಳಿಯುತ್ತದೆ. ಎರಡೂ ಬದಿಯಲ್ಲಿ ಕಲ್ಲಿನ ಗೋಡೆ, ಮನೆಯ ಬಾಗಿಲು, ದೀಪದ ಕಂಬ, ಮರ. ಟ್ರ್ಯಾಕ್‌ನಲ್ಲಿ ಬಿದ್ದರೆ ಹುಲ್ಲಿನ ಮೇಲೆ ಜಾರಿಕೊಂಡು ಹೋಗಬಹುದು. ಇಲ್ಲಿ ಬಿದ್ದರೆ ಗೋಡೆಯೇ ಗತಿ. ಇಲ್ಲಿಯವರೆಗೆ ಈ ರಸ್ತೆಯಲ್ಲಿ ಪ್ರಾಣ ಬಿಟ್ಟ ಸವಾರರು 200ಕ್ಕೂ ಹೆಚ್ಚು.

ಸವಾರರೆಲ್ಲ ಒಟ್ಟಿಗೆ ಹೊರಡುವುದಿಲ್ಲ. ಕೆಲವು ಸೆಕೆಂಡುಗಳ ಅಂತರದಲ್ಲಿ ಒಬ್ಬೊಬ್ಬರನ್ನು, ಇಲ್ಲವೇ ಜೋಡಿಯಾಗಿ ಬಿಡುತ್ತಾರೆ. ಒಟ್ಟು ಕಡಿಮೆ ಸಮಯ ತೆಗೆದುಕೊಂಡವರೇ ವಿಜೇತರು. ಹೀಗಾಗಿ ಇಲ್ಲಿ ಸವಾರ ಹೋರಾಡುವುದು ಎದುರಾಳಿಗಿಂತ ಹೆಚ್ಚಾಗಿ ಗಡಿಯಾರದ ಜೊತೆ.

ಈ ರಸ್ತೆಯಲ್ಲಿ ಹೈಲ್‌ವುಡ್ 1961ರಲ್ಲಿ ಒಂದೇ ವಾರದಲ್ಲಿ ಮೂರು ರೇಸ್ ಗೆದ್ದರು. ಹಾಗೆ ಗೆದ್ದವರಲ್ಲಿ ಅವರೇ ಮೊದಲಿಗರು. ನಾಲ್ಕನೆಯದರಲ್ಲೂ ಮುಂದಿದ್ದರು, ಆದರೆ ಎಂಜಿನ್ ಕೈಕೊಟ್ಟಿತು. ಅದೇ ವರ್ಷ ಹೋಂಡಾ ಬೈಕ್ ಮೇಲೆ 250 ಸಿ.ಸಿ. ವಿಶ್ವ ಚಾಂಪಿಯನ್ ಆದರು. ನಂತರ ಇಟಲಿಯ ಎಂವಿ ಅಗುಸ್ಟಾ ಕಂಪನಿ ಸೇರಿ 1962ರಿಂದ 1965ರವರೆಗೆ ಸತತ ನಾಲ್ಕು ವರ್ಷ 500 ಸಿ.ಸಿ. ವಿಶ್ವ ಪ್ರಶಸ್ತಿ ಪಡೆದರು. ಅದಕ್ಕೂ ಮುಂಚೆ ಯಾರೂ ಸತತ ನಾಲ್ಕು ಸಲ ಅದನ್ನು ಗೆದ್ದಿರಲಿಲ್ಲ.

ಬಿದ್ದ ಜಾಗದಿಂದಲೇ ಎದ್ದವರು

1965ರ ಸೀನಿಯರ್ ಟಿಟಿ ದಿನ ಮಳೆ. ಎಂವಿ ಅಗುಸ್ಟಾ ತಂಡದಲ್ಲಿ ಹೈಲ್‌ವುಡ್ ಜೊತೆಗೆ ಇಟಲಿಯ ಯುವ ಸವಾರ ಜಾಕೊಮೊ ಅಗೊಸ್ಟಿನಿ ಇದ್ದರು. ಎರಡನೇ ಸುತ್ತಿನಲ್ಲಿ ಸಾರಾಸ್ ಕಾಟೇಜ್ ಎಂಬ ತಿರುವಿನಲ್ಲಿ ಅಗೊಸ್ಟಿನಿ ಜಾರಿ ಬಿದ್ದರು. ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ ಹೈಲ್‌ವುಡ್ ಕೂಡ ಬಿದ್ದರು. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಬೈಕಿನ ಮುಂಭಾಗದ ಗಾಜು ಒಡೆದಿತ್ತು, ಹ್ಯಾಂಡಲ್ ಬಾಗಿತ್ತು. ಅಗೊಸ್ಟಿನಿಯ ಓಟ ಅಲ್ಲಿಗೇ ಮುಗಿದಿತ್ತು. ಹೈಲ್‌ವುಡ್ ಮಾತ್ರ ಬೈಕ್ ಎತ್ತಿ, ಒದ್ದು ನೆಟ್ಟಗೆ ಮಾಡಿ, ತಳ್ಳಿ ಸ್ಟಾರ್ಟ್ ಮಾಡಿಕೊಂಡು ಹೊರಟರು. ಪಿಟ್‌ನಲ್ಲಿ ಅಷ್ಟಿಷ್ಟು ಸರಿಪಡಿಸಿಕೊಂಡು ಕೊನೆಯವರೆಗೂ ಓಡಿ ಗೆದ್ದೇ ಬಿಟ್ಟರು.

ಈ ಪ್ರಸಂಗವನ್ನು ಓದಿದಾಗ ನಮಗೆ ರೋಮಾಂಚನವಾಗುತ್ತದೆ. ಆದರೆ ಇದನ್ನು ನಿರ್ಧಾರ ಎನ್ನಲು ಬರುವುದಿಲ್ಲ. ಅಲ್ಲಿ ಯೋಚಿಸಲು ಸಮಯವೇ ಇರಲಿಲ್ಲ. ಮೈ ಬಿಸಿಯಾಗಿತ್ತು, ರೇಸ್ ಇನ್ನೂ ನಡೆಯುತ್ತಿತ್ತು. ನಿಜವಾದ ನಿರ್ಧಾರ ಬರುವುದು ಮೈ ತಣ್ಣಗಾದ ಮೇಲೆ, ನೋವು ಶುರುವಾದ ಮೇಲೆ, ಯೋಚಿಸಲು ಬೇಕಾದಷ್ಟು ಸಮಯ ಇರುವಾಗ. ಹೈಲ್‌ವುಡ್ ಅವರಿಗೆ ಅಂಥ ಸಂದರ್ಭ ಬರಲು ಇನ್ನೂ ಹಲವು ವರ್ಷ ಇತ್ತು. ಆದರೆ ಅವರ ಹತ್ತಿರದ ಇಬ್ಬರಿಗೆ ಅದು ಮೊದಲೇ ಬಂದಿತ್ತು.

ಗ್ಯಾರಿ ಹಾಕಿಂಗ್ ಮತ್ತು ಬಿಲ್ ಐವಿ

ಗ್ಯಾರಿ ಹಾಕಿಂಗ್ 1961ರ 350 ಮತ್ತು 500 ಸಿ.ಸಿ. ವಿಶ್ವ ಚಾಂಪಿಯನ್. ಎಂವಿ ಅಗುಸ್ಟಾ ತಂಡದಲ್ಲಿ ಹೈಲ್‌ವುಡ್ ಜೊತೆಗಾರ. 1962ರ ಜೂನಿಯರ್ ಟಿಟಿಯಲ್ಲಿ ಹಾಕಿಂಗ್ ಅವರ ಸ್ನೇಹಿತ, ಆಸ್ಟ್ರೇಲಿಯಾದ ಟಾಮ್ ಫಿಲಿಸ್ ಅಪಘಾತದಲ್ಲಿ ತೀರಿಕೊಂಡರು. ಆ ವಾರವೇ ಸೀನಿಯರ್ ಟಿಟಿ ಗೆದ್ದ ಹಾಕಿಂಗ್, ಗೆದ್ದ ಮೇಲೂ ಸಮಾಧಾನವಿಲ್ಲದೆ ಮೋಟಾರ್ ಸೈಕಲ್ ರೇಸಿಂಗ್‌ಗೆ ವಿದಾಯ ಹೇಳಿದರು. ಜೀವ ದೊಡ್ಡದು ಎಂದು ಕಾರ್ ರೇಸಿಂಗ್ ಕಡೆ ತಿರುಗಿದರು. ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಬಳಿ ಕಾರ್ ಅಭ್ಯಾಸದ ವೇಳೆ ಅಪಘಾತವಾಗಿ ತೀರಿಕೊಂಡರು. ಆಗ ಅವರ ವಯಸ್ಸು 25.

ಇನ್ನೊಬ್ಬರು ಬಿಲ್ ಐವಿ. 1967ರ 125 ಸಿ.ಸಿ. ವಿಶ್ವ ಚಾಂಪಿಯನ್, ಹೈಲ್‌ವುಡ್ ಅವರ ಆಪ್ತ ಗೆಳೆಯ. ಇಬ್ಬರೂ ಒಂದೇ ಮನೆಯಲ್ಲಿ ವಾಸವಾಗಿದ್ದ ಕಾಲವೂ ಇತ್ತು. ಐವಿ ಕೂಡ 1968ರ ಕೊನೆಗೆ ಬೈಕ್ ಬಿಟ್ಟು ಕಾರ್ ಹಿಡಿದರು. ಆದರೆ ಕಾರ್ ರೇಸಿಂಗ್‌ಗೆ ಹಣ ಬೇಕು. ಆ ಹಣಕ್ಕಾಗಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಬೈಕ್ ಓಡಿಸಲು ಒಪ್ಪಿದರು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಜಾವಾ ಬೈಕುಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರಲ್ಲ, ಮೂಲ ಕಂಪನಿ ಅದೇ. 1969ರ ಜುಲೈ 12ರಂದು ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ ಅಭ್ಯಾಸದ ವೇಳೆ ಆ ಬೈಕಿನ ಎಂಜಿನ್ ಹಿಡಿದುಕೊಂಡಿತು. ಬೀಳುವಾಗ ಹೆಲ್ಮೆಟ್ ಕಳಚಿಹೋಗಿ ತಲೆಗೆ ಪೆಟ್ಟು ಬಿತ್ತು. ಐವಿ ಬದುಕಲಿಲ್ಲ. ಅವರಿಗೆ 26 ವರ್ಷ.

ಒಬ್ಬರು ಬಿಟ್ಟು ಹೋಗಿ ಸತ್ತರು, ಇನ್ನೊಬ್ಬರು ವಾಪಸ್ ಬಂದು ಸತ್ತರು. ಯಾವುದು ಸರಿಯಾದ ನಿರ್ಧಾರ ಎಂದು ಹೊರಗೆ ನಿಂತವರು ಹೇಳುವುದು ಸುಲಭವಲ್ಲ ಎಂಬುದಕ್ಕೆ ಈ ಇಬ್ಬರೇ ಸಾಕ್ಷಿ.

ಬೈಕಿನಿಂದ ಕಾರಿಗೆ

ಹೈಲ್‌ವುಡ್ 1966ರಲ್ಲಿ ಮತ್ತೆ ಹೋಂಡಾ ಸೇರಿದರು. 1966 ಮತ್ತು 1967ರಲ್ಲಿ 250 ಹಾಗೂ 350 ಸಿ.ಸಿ. ಎರಡರಲ್ಲೂ ವಿಶ್ವ ಚಾಂಪಿಯನ್ ಆದರು. ಒಟ್ಟು ಒಂಬತ್ತು ವಿಶ್ವ ಪ್ರಶಸ್ತಿ, 76 ಗ್ರ್ಯಾನ್ ಪ್ರಿ ಗೆಲುವು. ಹೋಂಡಾದ 500 ಸಿ.ಸಿ. ಬೈಕ್‌ಗೆ ಶಕ್ತಿ ಬಹಳ, ಆದರೆ ತಿರುವುಗಳಲ್ಲಿ ಅದನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಕಷ್ಟ. ಆ ಬೈಕ್ ಮೇಲೆಯೇ 1967ರ ಸೀನಿಯರ್ ಟಿಟಿಯಲ್ಲಿ ಅಗೊಸ್ಟಿನಿ ಜೊತೆ ದೊಡ್ಡ ಪೈಪೋಟಿ ನಡೆಯಿತು. ನಡುವೆ ಹೈಲ್‌ವುಡ್ ಅವರ ಆಕ್ಸಿಲರೇಟರ್ ಹಿಡಿಕೆ ಸಡಿಲವಾಗಿ ಕಳಚಿಕೊಳ್ಳತೊಡಗಿತು. ಪಿಟ್‌ಗೆ ಬಂದಾಗ ಸುತ್ತಿಗೆ ಕೇಳಿ ತೆಗೆದುಕೊಂಡು, ತಾವೇ ಬಡಿದು ಕೂರಿಸಿ ಹೊರಟರು. ಐದನೇ ಸುತ್ತಿನಲ್ಲಿ ಅಗೊಸ್ಟಿನಿಯ ಚೈನ್ ತುಂಡಾಯಿತು. ಗೆಲುವು ಹೈಲ್‌ವುಡ್ ಅವರದಾಯಿತು. ಅಂದು ಅವರು ಮಾಡಿದ ಗಂಟೆಗೆ 175 ಕಿಲೋಮೀಟರಿನ ಸುತ್ತಿನ ದಾಖಲೆಯನ್ನು ಎಂಟು ವರ್ಷ ಯಾರಿಂದಲೂ ಮುರಿಯಲಾಗಲಿಲ್ಲ.

ನಂತರ ಹೋಂಡಾ ರೇಸಿಂಗ್‌ನಿಂದ ಹಿಂದೆ ಸರಿಯಿತು. ಬೇರೆ ಕಂಪನಿಗೆ ಓಡಿಸಬಾರದು ಎಂಬ ಷರತ್ತಿನ ಮೇಲೆ ಹೈಲ್‌ವುಡ್ ಅವರಿಗೆ 50,000 ಪೌಂಡ್ ಕೊಟ್ಟಿತು. ಕೆಲಸ ಮಾಡದೇ ಇರುವುದಕ್ಕೆ ಸಂಬಳ ಸಿಗುವ ಲೆಕ್ಕ ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ನಾನಿನ್ನೂ ನೋಡಿಲ್ಲ! ಹೈಲ್‌ವುಡ್ ಕಾರ್ ರೇಸಿಂಗ್ ಕಡೆ ಹೋದರು. 1969ರ ಲ ಮಾನ್ಸ್ 24 ಗಂಟೆಗಳ ರೇಸ್‌ನಲ್ಲಿ ಡೇವಿಡ್ ಹಾಬ್ಸ್ ಜೊತೆ ಮೂರನೇ ಸ್ಥಾನ ಪಡೆದರು. 1972ರಲ್ಲಿ ಯುರೋಪಿಯನ್ ಫಾರ್ಮುಲಾ ಟು ಚಾಂಪಿಯನ್ ಆದರು. ಫಾರ್ಮುಲಾ ಒನ್‌ನಲ್ಲೂ ಓಡಿದರು, ಆದರೆ ಅಲ್ಲಿ ಗೆಲುವು ಸಿಗಲಿಲ್ಲ.

ಅಲ್ಲಿ ಸಿಕ್ಕಿದ್ದು ಬೇರೆಯದೇ ಗೌರವ. 1973ರ ಮಾರ್ಚ್ 3ರಂದು ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಹೈಲ್‌ವುಡ್ ಅವರ ಕಾರ್ ಮತ್ತು ಕ್ಲೇ ರೆಗಾಜೋನಿ ಅವರ ಕಾರ್ ಅಪಘಾತದಲ್ಲಿ ಸಿಕ್ಕಿಕೊಂಡವು. ರೆಗಾಜೋನಿ ಕಾರಿನೊಳಗೇ ಉಳಿದಿದ್ದರು, ಕಾರಿಗೆ ಬೆಂಕಿ ಹತ್ತಿತ್ತು. ಹೈಲ್‌ವುಡ್ ತಮ್ಮ ಕಾರಿನಿಂದ ಇಳಿದು ಓಡಿಬಂದು ರೆಗಾಜೋನಿಯ ಬೆಲ್ಟ್ ಬಿಚ್ಚಲು ಹೋದರು. ಅವರ ಬಟ್ಟೆಗೇ ಬೆಂಕಿ ಹತ್ತಿಕೊಂಡಿತು. ಅದನ್ನು ಆರಿಸಿಕೊಂಡು ಮತ್ತೆ ಅದೇ ಬೆಂಕಿಯೊಳಗೆ ಕೈ ಹಾಕಿ ರೆಗಾಜೋನಿಯನ್ನು ಹೊರಗೆಳೆದರು. ರೆಗಾಜೋನಿ ಬದುಕಿದರು. ಹೈಲ್‌ವುಡ್ ಅವರಿಗೆ ಬ್ರಿಟನ್ನಿನ ಶೌರ್ಯ ಪದಕವಾದ ಜಾರ್ಜ್ ಮೆಡಲ್ ಸಿಕ್ಕಿತು. ಒಂಬತ್ತು ವಿಶ್ವ ಪ್ರಶಸ್ತಿಗಳಿಗಿಂತ ಈ ಒಂದು ಪದಕ ದೊಡ್ಡದು ಎಂದು ನನಗೆ ಅನಿಸುತ್ತದೆ. ಮೊದಲನೇ ಸಲ ಬೆಂಕಿಗೆ ಹೋಗುವಾಗ ಅದರ ಬಿಸಿ ಎಷ್ಟಿದೆ ಎಂದು ಗೊತ್ತಿರುವುದಿಲ್ಲ. ಎರಡನೇ ಸಲ ಹೋಗುವವನಿಗೆ ಅದು ಗೊತ್ತಿರುತ್ತದೆ.

ನೂರ್‌ಬರ್ಗ್‌ರಿಂಗ್

1974ರ ಆಗಸ್ಟ್ 4ರಂದು ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ ಮೆಕ್‌ಲಾರೆನ್ ಕಾರ್ ಓಡಿಸುತ್ತಿದ್ದಾಗ, ಫ್ಲಾನ್ಸ್‌ಗಾರ್ಟನ್ ಎಂಬ ಜಾಗದಲ್ಲಿ ಹೈಲ್‌ವುಡ್ ಅವರ ಕಾರ್ ತಡೆಗೋಡೆಗೆ ಅಪ್ಪಳಿಸಿತು. ಕಾಲು ಮುರಿಯಿತು, ಪಾದ ಮತ್ತು ಹಿಮ್ಮಡಿಯ ಭಾಗ ಜಜ್ಜಿಹೋಯಿತು. ಚಿಕಿತ್ಸೆಯ ನಂತರವೂ ಪಾದ ಮೊದಲಿನಂತೆ ಆಗಲಿಲ್ಲ. ನಡೆಯುವಾಗ ಕುಂಟು ಉಳಿಯಿತು. ಅವರ ಫಾರ್ಮುಲಾ ಒನ್ ಬದುಕು ಅಲ್ಲಿಗೆ ಮುಗಿಯಿತು. ಪತ್ನಿ ಪೌಲಿನ್, ಮಗಳು ಮಿಶೆಲ್, ಮಗ ಡೇವಿಡ್ ಜೊತೆ ಅವರು ನ್ಯೂಜಿಲೆಂಡ್‌ಗೆ ಹೋಗಿ ನೆಲೆಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೂ ಅದು ಪೂರ್ತಿ ಕಥೆಯೇ ಆಗುತ್ತಿತ್ತು. ಹೆಸರು, ಹಣ, ಪದಕ, ಸಂಸಾರ ಎಲ್ಲವೂ ಇತ್ತು. ಆದರೆ ಶಾಂತವಾದ ಆ ಬದುಕು ಅವರಿಗೆ ಒಗ್ಗಲಿಲ್ಲ. 1977ರಲ್ಲಿ ಆಸ್ಟ್ರೇಲಿಯಾದಲ್ಲಿ ಹಳೆಯ ಬೈಕುಗಳನ್ನು ಓಡಿಸಿ ನೋಡಿದರು. ಸಿಡ್ನಿಯ ಆರು ಗಂಟೆಗಳ ರೇಸ್‌ನಲ್ಲಿ ಜೊತೆಗಾರನೊಂದಿಗೆ ಡುಕಾಟಿ ಓಡಿಸಿದರು. ಕೈಗಳು ಏನನ್ನೂ ಮರೆತಿರಲಿಲ್ಲ. ಮುಂದಿನ ವರ್ಷ ಟಿಟಿಗೆ ಮರಳುವುದಾಗಿ ತೀರ್ಮಾನಿಸಿದರು.

ಲೆಕ್ಕದ ಪುಸ್ತಕ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದ್ದರಿಂದ ಹೈಲ್‌ವುಡ್ ಅವರ ಈ ನಿರ್ಧಾರವನ್ನು ಒಂದು ಬ್ಯಾಲೆನ್ಸ್ ಶೀಟ್‌ನಂತೆ ಬರೆದು ನೋಡಿದೆ.

ಹೊಣೆಗಾರಿಕೆಯ ಕಡೆ: ವಯಸ್ಸು 38. ಸರಿಯಾಗಿ ಬಾಗದ ಪಾದ. ಟಿಟಿ ಓಡಿ 11 ವರ್ಷ. ಅಷ್ಟರಲ್ಲಿ ಟೈರ್, ಬ್ರೇಕ್, ಬೈಕ್ ಎಲ್ಲವೂ ಬದಲಾಗಿದ್ದವು. ಅಪಾಯ ಹೆಚ್ಚು ಎಂಬ ಕಾರಣಕ್ಕೆ ಟಿಟಿಯನ್ನು ಮುಖ್ಯ ವಿಶ್ವ ಚಾಂಪಿಯನ್‌ಷಿಪ್‌ನಿಂದಲೇ ಕೈಬಿಟ್ಟಿದ್ದರು. ಮನೆಯಲ್ಲಿ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು.

ಆಸ್ತಿಯ ಕಡೆ: ಅನುಭವ, ಆ ರಸ್ತೆಯ ಒಂದೊಂದು ತಿರುವಿನ ನೆನಪು, ಮತ್ತು ಹೆಸರು. ಪಾಲುದಾರಿಕೆಯ ಪಾಠದಲ್ಲಿ ನಾವು ಗುಡ್‌ವಿಲ್ ಎಂದು ಓದುತ್ತೇವೆ. ಕಣ್ಣಿಗೆ ಕಾಣದಿದ್ದರೂ ಬೆಲೆ ಇರುವ ಆಸ್ತಿ ಅದು. ಹೈಲ್‌ವುಡ್ ಅವರ ಹೆಸರು ಅಂಥ ಗುಡ್‌ವಿಲ್. ವಾಪಸ್ ಬಂದು ಹತ್ತನೆಯವರಾಗಿಯೋ ಇಪ್ಪತ್ತನೆಯವರಾಗಿಯೋ ಬಂದರೆ ಆ ಆಸ್ತಿಯೇ ಕರಗಿಹೋಗುವ ಸಾಧ್ಯತೆ ಇತ್ತು. ಮುದುಕನಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಜನ ನಗಬಹುದಿತ್ತು.

ಎರಡು ಬದಿ ಕೂಡಿಸಿದರೆ ಎಲ್ಲಿಯೂ ಲಾಭ ಕಾಣುವುದಿಲ್ಲ. ಲೆಕ್ಕ ಬಲ್ಲವರು ಬೇಡ ಎಂದೇ ಹೇಳುತ್ತಾರೆ. ಆದರೂ ಅವರು ಹೋದರು. ಯಾಕೆ? ಮೊದಲ ಸಲದಂತೆ ಈಗ ಗೆಲ್ಲಲೇಬೇಕಾದ ಒತ್ತಡ ಇರಲಿಲ್ಲ, ಯಾರಿಗೂ ಏನನ್ನೂ ತೋರಿಸಬೇಕಾಗಿರಲಿಲ್ಲ. ಆ ಕೆಲಸ ಇಷ್ಟ, ಅಷ್ಟೇ. ಈ ಇಷ್ಟವನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂದು ನನಗೆ ಹೊಳೆಯಲಿಲ್ಲ.

1978ರ ಜೂನ್ 3

ಮ್ಯಾಂಚೆಸ್ಟರಿನ ಸ್ಪೋರ್ಟ್ಸ್ ಮೋಟಾರ್‌ಸೈಕಲ್ಸ್ ಎಂಬ ಅಂಗಡಿಯ ಸ್ಟೀವ್ ವಿನ್ ಅವರು ಹೈಲ್‌ವುಡ್ ಅವರಿಗೆ ಕೆಂಪು ಹಸಿರು ಬಣ್ಣದ ಡುಕಾಟಿ ಬೈಕ್ ಸಿದ್ಧಪಡಿಸಿದರು. ಎದುರಿಗೆ ಹೋಂಡಾ ಕಂಪನಿಯ ತಂಡ. ಅದರಲ್ಲಿ ಹಳೆಯ ಎದುರಾಳಿ ಫಿಲ್ ರೀಡ್. ದ್ವೀಪಕ್ಕೆ ಜನಸಾಗರವೇ ಬಂದಿತ್ತು. ಬಹಳ ಮಂದಿಗೆ ಹೈಲ್‌ವುಡ್ ಗೆಲ್ಲುತ್ತಾರೆಂಬ ಆಸೆಗಿಂತ ಕ್ಷೇಮವಾಗಿ ಮುಗಿಸಲಿ ಎಂಬ ಹಾರೈಕೆಯೇ ಹೆಚ್ಚಾಗಿತ್ತು.

ರೀಡ್ ಮೊದಲು ಹೊರಟರು, ಹೈಲ್‌ವುಡ್ 50 ಸೆಕೆಂಡ್ ಹಿಂದೆ. ಸುತ್ತುಗಳು ಕಳೆದಂತೆ ಅಂತರ ಕರಗುತ್ತಾ ಬಂತು. ಕೊನೆಗೆ ಹೈಲ್‌ವುಡ್ ರಸ್ತೆಯ ಮೇಲೆಯೇ ರೀಡ್ ಅವರನ್ನು ಹಿಡಿದರು. ಆಮೇಲೆ ರೀಡ್ ಅವರ ಎಂಜಿನ್ ಕೆಟ್ಟು ಅವರು ನಿಲ್ಲಬೇಕಾಯಿತು. ಆರು ಸುತ್ತು ಮುಗಿದಾಗ ಹೈಲ್‌ವುಡ್ ಮೊದಲಿಗರು. ಅವರ ವೇಗದ ಸುತ್ತು ಗಂಟೆಗೆ 178 ಕಿಲೋಮೀಟರ್, ಅಂದರೆ ತಮ್ಮ 27ನೇ ವಯಸ್ಸಿನ ದಾಖಲೆಗಿಂತಲೂ ಹೆಚ್ಚು. ಬೈಕಿನ ಎಂಜಿನ್ ಸರಿಯಾಗಿ ಗೆರೆ ದಾಟುವವರೆಗೆ ತಡೆದುಕೊಂಡು ಅಲ್ಲಿಗೆ ಕೆಟ್ಟಿತ್ತು ಎಂಬುದು ಆಮೇಲೆ ಗೊತ್ತಾಯಿತು. ಈ ಗೆಲುವಿನಿಂದ ಟಿಟಿ ಫಾರ್ಮುಲಾ ಒನ್ ವಿಭಾಗದ ವಿಶ್ವ ಪ್ರಶಸ್ತಿಯೂ ಸಿಕ್ಕಿತು. ಅದು ಅವರ ಹತ್ತನೆಯದು. ಅದೇ ವಾರ ಯಮಹಾ ಬೈಕುಗಳ ಮೇಲೆ ಓಡಿದ ಉಳಿದ ರೇಸ್‌ಗಳಲ್ಲಿ ಅದೃಷ್ಟ ಕೂಡಿಬರಲಿಲ್ಲ ಎಂಬುದನ್ನೂ ಹೇಳಬೇಕು.

1979ರಲ್ಲಿ ಮತ್ತೊಮ್ಮೆ ಬಂದರು. ಸುಜುಕಿ ಬೈಕ್ ಮೇಲೆ ಸೀನಿಯರ್ ಟಿಟಿ ಗೆದ್ದರು, ಗಂಟೆಗೆ 183 ಕಿಲೋಮೀಟರ್ ಮೀರಿದ ಸುತ್ತು ಓಡಿದರು. ಅದು ಅವರ ಹದಿನಾಲ್ಕನೇ ಟಿಟಿ ಗೆಲುವು. ಕೊನೆಯ ರೇಸ್‌ನಲ್ಲಿ 360 ಕಿಲೋಮೀಟರಿಗೂ ಹೆಚ್ಚು ಓಡಿ, ಅಲೆಕ್ಸ್ ಜಾರ್ಜ್ ಎದುರು ಕೇವಲ 3.4 ಸೆಕೆಂಡಿನಿಂದ ಎರಡನೆಯವರಾದರು. ಅಲ್ಲಿಗೆ ಅವರು ಟಿಟಿಗೆ ಕೈಮುಗಿದರು. ಯಾವಾಗ ಮರಳಬೇಕು ಎಂಬುದರ ಜೊತೆಗೆ ಯಾವಾಗ ನಿಲ್ಲಿಸಬೇಕು ಎಂಬುದೂ ಅವರಿಗೆ ತಿಳಿದಿತ್ತು. ಹಳೆಯ ಸವಾರ ರಾಡ್ ಗೌಲ್ಡ್ ಜೊತೆ ಸೇರಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೋಟಾರ್ ಸೈಕಲ್ ಅಂಗಡಿ ತೆರೆದರು. ಅಪ್ಪನ ಹಾಗೆಯೇ ವ್ಯಾಪಾರಿಯಾದರು.

ಮನೆಯ ಹತ್ತಿರದ ರಸ್ತೆ

1981ರ ಮಾರ್ಚ್ 21, ಶನಿವಾರ ಸಂಜೆ. ಹೈಲ್‌ವುಡ್ ಒಂಬತ್ತು ವರ್ಷದ ಮಿಶೆಲ್ ಮತ್ತು ಡೇವಿಡ್‌ರನ್ನು ಕಾರಿನಲ್ಲಿ ಕೂರಿಸಿಕೊಂಡು ರಾತ್ರಿ ಊಟಕ್ಕೆ ಮೀನು ಮತ್ತು ಆಲೂ ಕರಿದದ್ದು ತರಲು ಹೊರಟಿದ್ದರು. ಮನೆಯಿಂದ ದೂರವಿಲ್ಲದ ಹೆದ್ದಾರಿ. ಅಲ್ಲಿ ಒಂದು ಲಾರಿ, ತಿರುಗಬಾರದ ಜಾಗದಲ್ಲಿ, ರಸ್ತೆ ಮಧ್ಯದ ವಿಭಜಕದ ಸಂದಿಯಲ್ಲಿ ಅಡ್ಡ ತಿರುಗಿತು. ಕಾರ್ ಅದಕ್ಕೆ ಡಿಕ್ಕಿ ಹೊಡೆಯಿತು. ಮಿಶೆಲ್ ಸ್ಥಳದಲ್ಲೇ ತೀರಿಕೊಂಡಳು. ಡೇವಿಡ್ ಬದುಕಿದ. ಎರಡು ದಿನದ ನಂತರ, ಮಾರ್ಚ್ 23ರಂದು ಹೈಲ್‌ವುಡ್ ಕಣ್ಣು ಮುಚ್ಚಿದರು. 41 ತುಂಬಲು ಹತ್ತು ದಿನ ಬಾಕಿ ಇತ್ತು. ಲಾರಿ ಚಾಲಕನಿಗೆ ಬಿದ್ದ ದಂಡ 100 ಪೌಂಡ್.

ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಕಲ್ಲಿನ ಗೋಡೆಗಳ ನಡುವೆ ಓಡಿ ಬದುಕಿದವರು, ಬೆಂಕಿಯಿಂದ ಹೊರಬಂದವರು, ಮನೆಗೆ ಊಟ ತರಲು ಹೋಗಿ ಪ್ರಾಣ ಬಿಟ್ಟರು. ಇದನ್ನು ವಿಧಿ ಎಂದು ಸುಮ್ಮನಾಗಬಹುದು. ಆದರೆ ವ್ಯತ್ಯಾಸ ಸ್ಪಷ್ಟವಾಗಿದೆ. ರೇಸ್ ದಿನ ರಸ್ತೆ ಮುಚ್ಚಿರುತ್ತದೆ, ಎದುರಿನಿಂದ ಯಾರೂ ಬರುವುದಿಲ್ಲ, ಪ್ರತಿ ತಿರುವಿನಲ್ಲೂ ಬಾವುಟ ಹಿಡಿದ ಜನ ಇರುತ್ತಾರೆ. ಮಾಮೂಲಿ ರಸ್ತೆಯಲ್ಲಿ ಇದ್ಯಾವುದೂ ಇಲ್ಲ. ಡಿವೈಡರ್ ಸಂದಿಯಲ್ಲಿ ಇದ್ದಕ್ಕಿದ್ದಂತೆ ಅಡ್ಡ ಬರುವ ಲಾರಿಯನ್ನು ನಮ್ಮ ಹೆದ್ದಾರಿಗಳಲ್ಲಿ ನೋಡದವರು ಯಾರಿದ್ದಾರೆ?

ನಮ್ಮ ಮನೆಯ ಮಾತು ಉರ್ದು. ಅದರಲ್ಲಿ ಶೌಕ್ ಎಂಬ ಪದವಿದೆ. ಮನಸ್ಸಿಟ್ಟು ಇಷ್ಟಪಡುವ ಕೆಲಸಕ್ಕೆ ಹಾಗೆನ್ನುತ್ತೇವೆ. ಅದೇ ಪದ ಕನ್ನಡಕ್ಕೆ ಬಂದು ಶೋಕಿ ಆಗಿದೆ, ಅರ್ಥ ಮಾತ್ರ ಬೇರೆಯವರಿಗೆ ತೋರಿಸಿಕೊಳ್ಳುವುದು ಎಂದಾಗಿದೆ. ಹೈಲ್‌ವುಡ್ ಅವರದು ಶೌಕ್. ಅದಕ್ಕಾಗಿ ಅವರು ರಸ್ತೆಯನ್ನು ಕಲಿತರು, ಬೈಕನ್ನು ಅರಿತರು, ಚರ್ಮದ ಉಡುಪು ಹೆಲ್ಮೆಟ್ ಹಾಕಿ, ಮುಚ್ಚಿದ ರಸ್ತೆಯಲ್ಲಿ, ಬಿದ್ದರೆ ತನಗೇ ಪೆಟ್ಟು ಎಂದು ತಿಳಿದೇ ಓಡಿದರು. ಕಾಲೇಜು ಬಿಡುವ ಹೊತ್ತಿಗೆ ಗೇಟಿನ ಮುಂದೆ ಮೂವರು ಕೂತು, ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ, ಮುಂದಿನ ಚಕ್ರ ಎತ್ತುವುದು ಶೋಕಿ. ಅಲ್ಲಿ ಬಿದ್ದರೆ ಪೆಟ್ಟು ಬೀಳುವುದು ತನಗೊಬ್ಬನಿಗೇ ಅಲ್ಲ. ಪಕ್ಕದಲ್ಲಿ ನಡೆದು ಹೋಗುವ ಯಾರದೋ ಮಿಶೆಲ್‌ಗೂ ಬೀಳಬಹುದು.

ಸ್ನೇಹಿತರೇ, ಬಿದ್ದ ಮೇಲೆ ಮತ್ತೆ ಏರಬೇಕೇ ಎಂಬ ಪ್ರಶ್ನೆ ರೇಸ್ ಸವಾರರಿಗೆ ಮಾತ್ರ ಸೇರಿದ್ದಲ್ಲ. ಪರೀಕ್ಷೆಯಲ್ಲಿ ಫೇಲಾದವರಿಗೆ, ವ್ಯಾಪಾರದಲ್ಲಿ ನಷ್ಟವಾದವರಿಗೆ ಎಲ್ಲರಿಗೂ ಅದು ಬರುತ್ತದೆ. ಆಗ ಹಾಕಿಂಗ್ ಅವರಂತೆ ಬಿಡುವುದೂ ಹೇಡಿತನವಲ್ಲ, ಹೈಲ್‌ವುಡ್ ಅವರಂತೆ ಮರಳುವುದೂ ಹುಚ್ಚಲ್ಲ. ಯಾರಿಗೋ ತೋರಿಸಲು ಮರಳುತ್ತಿದ್ದೇವೋ, ಆ ಕೆಲಸದ ಮೇಲಿನ ಪ್ರೀತಿಯಿಂದ ಮರಳುತ್ತಿದ್ದೇವೋ ಎಂದು ಒಮ್ಮೆ ನಮ್ಮನ್ನು ನಾವೇ ಕೇಳಿಕೊಂಡರೆ ಸಾಕು. ಬೈಕ್ ಏರುವ ಮುನ್ನ ಮಾತ್ರ ಇನ್ನೊಂದು ಕೆಲಸ ಇದೆ. ಬಿಲ್ ಐವಿಯನ್ನು ನೆನೆದು ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿದೆಯೇ ಎಂದು ನೋಡಿಕೊಳ್ಳಿ.